ಡ್ಯೂಕಪ್ಪನ ಮನೆತನ

ಹದಿಮೂರು ವರ್ಷದ ಹಿಂದೆ, ಭಾಲ್ಕಿಯ ಕಲ್ಯಾಣಮಂಟಪದಲ್ಲಿ, ಹೋಳಿಗೆ ತುಪ್ಪ ಉಂಡ ಧೈರ್ಯದ ಮೇಲೆ ನಾನು ನನ್ನ ಮಾವ ಗುರುಲಿಂಗಪ್ಪನವರಿಗೆ ಒಂದು ಮಾತು ಕೊಟ್ಟೆ.

ತಪ್ಪು ಅವರದೇನೂ ಅಲ್ಲ. ಅವರು ಪದ್ಧತಿ ಪ್ರಕಾರ, "ಅಳಿಯಾರ, ನಿಮಗೇನು ಬೇಕು ಕೇಳ್ರಿ," ಅಂದರು. ನಾನು ಸುಮ್ಮನೆ ಒಂದು ವಾಚು ಕೇಳಿ ಕೂಡಬಹುದಿತ್ತು. ಆದರೆ ಹೊಸ ರೇಶ್ಮೆ ಪಟಗ ತಲೆಗೆ ಬಿಗಿಯಾಗಿತ್ತು. "ನನಗೇನೂ ಬ್ಯಾಡ್ರಿ ಮಾವಾರ. ನಿಮಗೇನು ಬೇಕು, ನೀವೇ ಕೇಳ್ರಿ," ಅಂದುಬಿಟ್ಟೆ. ಮಂಟಪದಲ್ಲಿ ಸೇರಿದ್ದ ಬೀಗರೆಲ್ಲ ಭಲೆ ಭಲೆ ಅಂದರು. ಅದೇ ಹೊತ್ತಿಗೆ ಒಂದು ಮಂಗ್ಯಾ ಕಿಟಕಿಯಿಂದ ಬಂದು, ಅಯ್ಯನವರ ಮುಂದಿನ ತಾಟಿನಿಂದ ಬಾಳೆಹಣ್ಣಿನ ಚಿಪ್ಪು ಎತ್ತಿಕೊಂಡು, ಯಾವ ಅವಸರವೂ ಇಲ್ಲದಂತೆ ಹೊರಟುಹೋಯಿತು.

ಮಾವ ಅದು ಹೋದ ದಿಕ್ಕನ್ನೇ ನೋಡುತ್ತ, "ನನಗೊಂದು ನಾಯಿ ಬೇಕು. ಮಂಗ್ಯಾನ ಓಡಸೋ ನಾಯಿ," ಅಂದರು.

"ತಂದು ಕೊಡ್ತೀನ್ರಿ ಮಾವಾರ. ಮಾತಂದ್ರ ಮಾತು."

ಆಗ ಮಾವನಿಗೆ ಮರಾಠಿ ಸೀಮೆಯ ಸಂಭಾಜಿನಗರದಲ್ಲಿ ಬಟ್ಟೆ ಅಂಗಡಿ ಇತ್ತು. ಬಟ್ಟೆ ಅಂಗಡಿಗೆ ಮಂಗ್ಯಾ ಬರುವುದಿಲ್ಲ. ಹಾಗಾಗಿ ಮಾತು ಸುರಕ್ಷಿತವಾಗಿ ಇತ್ತು. ಆದರೆ ವಯಸ್ಸಾದ ಮೇಲೆ ಅವರು ಅಂಗಡಿಯನ್ನು ತಮ್ಮ ನಿಂಗಣ್ಣನಿಗೆ ಬಿಟ್ಟುಕೊಟ್ಟರು. ಬಿಟ್ಟುಕೊಟ್ಟು ಮನೆಯಲ್ಲಿ ಕಿಟಕಿ ಕಡೆ ಮುಖ ಮಾಡಿ ಕೂತುಬಿಟ್ಟರು. ಮಾತಿಲ್ಲ, ಬೈಗುಳವಿಲ್ಲ. ಚಹಾದಲ್ಲಿ ಸಕ್ಕರೆ ಮರೆತರೂ ಕುಡಿದು ಕಪ್ಪು ಇಡುತ್ತಿದ್ದರು. ಅತ್ತೆ ಕಸ್ತೂರಿಬಾಯಿ ಹೆದರಿಹೋದರು. ಕೊನೆಗೆ ಅಲ್ಲೇ ಸಮೀಪದ ಖುಲ್ತಾಬಾದ್ ಹತ್ತಿರ ಒಂದು ತುಂಡು ಜಮೀನು ಹಿಡಿದು, ಮಾವ ಕೈಯಾರೆ ಪೇರಲ ಗಿಡ ಹಚ್ಚಿದರು. ಹಚ್ಚಿದ ಮರುದಿನವೇ ಚಹಾಕ್ಕೆ ಸಕ್ಕರೆ ಕಮ್ಮಿ ಅಂತ ಬೈದರು. ಬೈಗುಳ ಮನೆಗೆ ವಾಪಸು ಬಂದದ್ದಕ್ಕೆ ಅತ್ತೆ ದೇವರಿಗೆ ಕಾಯಿ ಒಡೆಸಿದರು.

ಈ ವರ್ಷ ಆ ಗಿಡಗಳು ಮೊದಲ ಸಲ ಮೈತುಂಬ ಕಾಯಿ ಹಿಡಿದವು. ಮಂಗ್ಯಾಗಳಿಗೂ ಸುದ್ದಿ ಹೋಯಿತು.

"ಅಳಿಯಾರ," ಅಂತ ಅತ್ತೆಯ ಫೋನು ಬಂತು. ಅತ್ತೆ ಫೋನಿನಲ್ಲಿ ಮಾತಾಡಿದರೆ ನಾಶಿಕದ ಸಾತಪುರದ ನಮ್ಮ ಎರಡು ಕೋಣೆಯ ಫ್ಲ್ಯಾಟಿನಲ್ಲಿ ಸ್ಪೀಕರ್ ಹಾಕುವ ಅಗತ್ಯ ಬೀಳುವುದಿಲ್ಲ. "ದಿನಾ ಮುಂಜಾನಿ ಇವ್ರು ಕೋಲು ಹಿಡಕೊಂಡು ಗಿಡದ ಬುಡಕ್ಕ ಓಡ್ತಾರ, ಮಂಗ್ಯಾ ಗಿಡದ ಮ್ಯಾಲ ಕುಂತು ನೋಡ್ತಾವ. ಮೊನ್ನಿ ಜಾರಿ ಬಿದ್ದು ಮೊಣಕಾಲು ಬಾತದ. ನಾ ಹೇಳಿಬಿಟ್ಟೀನಿ. ಎಳ್ಳ ಅಮಾಸಿ ತನಕ ನೋಡ್ತೀನಿ. ಮಂಗ್ಯಾ ನಿಂದರಲಿಲ್ಲಂದ್ರ ತೋಟ ಮಾರಿ ಮಗಳ ಮನ್ಯಾಗ ಬಂದು ಇರ್ತೀವಿ."

ನನ್ನ ಹೆಂಡತಿ ಜಗದೇವಿ, "ಬರಲಿ ಬಿಡ್ರಿ, ಅಪ್ಪ-ಅವ್ವ ಅಲ್ಲೇನು?" ಅಂದಳು. ಬರಲಿ, ಬೇಡ ಅನ್ನಲು ನಾನು ಯಾರು? ಆದರೆ ನಮ್ಮ ಮನೆಯ ಒಂದೇ ಕಿಟಕಿ ಎದುರು ಫ್ಯಾಕ್ಟರಿಯ ಗೋಡೆ ಇದೆ. ಆ ಗೋಡೆ ನೋಡುತ್ತ ಮಾವ ಮತ್ತೆ ಸಕ್ಕರೆ ಇಲ್ಲದ ಚಹಾ ಕುಡಿಯುವ ಚಿತ್ರ ನನ್ನ ಕಣ್ಣ ಮುಂದೆ ಬಂತು. ಅದರ ಹಿಂದೆಯೇ ಫೋನಿನಲ್ಲಿ ಮಾವನ ಧ್ವನಿ ಬಂತು.

"ಅಳಿಯಾರ. ನೀವು ಒಂದು ಮಾತು ಕೊಟ್ಟಿದ್ರಿ."

ಅವತ್ತೇ ನಿರ್ಧರಿಸಿದೆ. ನಾಯಿ ತರುವುದು.

ನಾನು ಎಂಐಡಿಸಿ ಕೈಗಾರಿಕಾ ವಸಾಹತಿನ ಒಂದು ಎಂಜಿನಿಯರಿಂಗ್ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್. ಬೋಲ್ಟು ಗೇಜಿಗೆ ಕೂತರೆ ಪಾಸು, ಕೂಡದಿದ್ದರೆ ರಿಜೆಕ್ಟು. ನಾಯಿಗೆ ಗೇಜು ಎಲ್ಲಿದೆ? ಅದಕ್ಕೇ ಮೇಲಿನ ಮಹಡಿಯ ನರಹರಿಯವರನ್ನು ಕೇಳಿದೆ. ಅವರು ಮೈಸೂರಿನ ಕಡೆಯಿಂದ ವರ್ಗವಾಗಿ ಬಂದ ಬ್ಯಾಂಕ್ ಮ್ಯಾನೇಜರು. ಅವರ ಬಾಗಿಲ ಫಲಕದಲ್ಲಿ ಹೆಸರಿಗಿಂತ ಹೆಸರಿನ ಮುಂದಿನ ಅಕ್ಷರಗಳೇ ಹೆಚ್ಚು.

"ನೋಡಿ ಬಸವಕುಮಾರ್," ಅಂದರು, "ನಾಯಿ ಅಂದ್ರೂ ಒಂದೇ, ಆಫೀಸರ್ ಅಂದ್ರೂ ಒಂದೇ. ಟೈಟಲ್ ಇರಬೇಕು. ಚಾಂಪಿಯನ್ ಅಂತ ಯಾರೋ ಸುಮ್ಮನೆ ಬರೆದುಕೊಡ್ತಾರಾ? ಚಾಂದವಡ್‌ನಲ್ಲಿ ನಮ್ಮ ಕಸ್ಟಮರ್ ಒಬ್ಬರಿದ್ದಾರೆ, ನಿಕಂ ಅಂತ, ಈರುಳ್ಳಿ ವ್ಯಾಪಾರ. ಡಾಗ್ ಶೋ ಹುಚ್ಚು. ಅವರ ಚಾಂಪಿಯನ್ ನಾಯಿಗೆ ಒಂದು ಕಿವಿ ಸ್ವಲ್ಪ ಬಾಗಿದೆಯಂತೆ. ಶೋಗೆ ಇನ್ನು ನಡೆಯಲ್ಲ. ಒಳ್ಳೆ ಮನೆ ಸಿಕ್ಕಿದ್ರೆ ಪುಕ್ಕಟೆ ಕೊಡ್ತಾರೆ."

ಮಾವನಿಗೆ ಫೋನು ಮಾಡಿ, "ಶನಿವಾರ ಚಾಂದವಡ್‌ಗೆ ಬರ್ರಿ, ನಾಯಿ ನೋಡ್ಲಿಕ್ಕ ಹೋಗೂಣು," ಅಂದೆ. 'ನೋಡ್ಲಿಕ್ಕ' ಎಂಬುದನ್ನು ನಮ್ಮ ಮಂದಿ ಎಷ್ಟು ಗಂಭೀರವಾಗಿ ತೆಗೆದುಕೊಳ್ಳುತ್ತಾರೆ ಎಂಬುದು ನನಗೆ ಗೊತ್ತಿರಬೇಕಿತ್ತು. ನನ್ನನ್ನೂ ಅವರು ಹಾಗೇ ನೋಡಿದ್ದರು.

ಮಾವ ಬಸ್ಸಿನಿಂದ ಇಳಿದರು. ಗರಿಗರಿ ಧೋತರ, ಬಿಳಿ ಟೊಪ್ಪಿಗೆ, ಹೆಗಲ ಮೇಲೆ ಶಾಲು. ಕೈಯಲ್ಲಿ ತೆಂಗಿನಕಾಯಿ, ಹೂವು, ಹಣ್ಣಿನ ಚೀಲ. ಬೆನ್ನಿಗೆ ತಮ್ಮ ನಿಂಗಣ್ಣ.

"ನಿಂಗಣ್ಣ ಯಾಕ್ರಿ ಮಾವಾರ?"

"ಸಂಬಂಧ ನೋಡ್ಲಿಕ್ಕ ಒಬ್ಬನೇ ಹೋಗಬಾರದು."

ನಿಕಂಸಾಹೇಬರ ದಿವಾನಖಾನೆಯಲ್ಲಿ ಗೋಡೆ ತುಂಬ ಪದಕ. ನಮ್ಮನ್ನು ಸೋಫಾದ ಮೇಲೆ ಕೂಡಿಸಿ, ಅವಲಕ್ಕಿಯ ಪೋಹೆ ಕೊಟ್ಟು, ಅವರು ನಮ್ಮ ಪರೀಕ್ಷೆ ಶುರುಮಾಡಿದರು. ಮನೆಯಲ್ಲಿ ಎಷ್ಟು ಮಂದಿ, ಅಂಗಳ ಇದೆಯೋ, ಮುಂಜಾನೆ ಯಾರು ತಿರುಗಾಡಿಸುತ್ತಾರೆ, ಕುಡಿಯುವ ಚಟ ಯಾರಿಗಾದರೂ ಇದೆಯೋ. ಮಾವನಿಗೆ ಮರಾಠಿ ನೀರು ಕುಡಿದಷ್ಟು ಸಲೀಸು. ಇಂಥ ಪ್ರಶ್ನೆಗಳೂ ಹೊಸವಲ್ಲ. ಒಂದೊಂದಕ್ಕೂ ಬೀಗರಿಗೆ ಕೊಡುವ ಹಾಗೆ ಉತ್ತರ ಕೊಟ್ಟರು. ಅಳಿಯನಿಗೆ ಖಾಯಂ ನೌಕರಿ ಅಂತಲೂ ಸೇರಿಸಿದರು.

ಆಮೇಲೆ ನಾಯಿಯನ್ನು ಕರೆತಂದರು. ಅಲ್ಸೇಷಿಯನ್. ಎದೆ ಮುಂದೆ, ಕತ್ತು ಮೇಲೆ. ನಮ್ಮ ಕಡೆ ಕನ್ಯೆ ತಲೆ ತಗ್ಗಿಸಿ ಬರುತ್ತಾಳೆ, ಇದು ತಲೆ ಎತ್ತಿ ಬಂತು, ಅಷ್ಟೇ ಫರಕು. ಬಾಗಿದ ಕಿವಿಯನ್ನು ಆ ಕಡೆ ಮಾಡಿ ನಿಂತಿತು.

"ಹೆಸರು?" ಅಂದರು ಮಾವ.

"ಚಾಂಪಿಯನ್ ಗ್ರ್ಯಾಂಡ್ ಡ್ಯೂಕ್ ಆಫ್ ಗಿರಣಾ ವ್ಯಾಲಿ."

"ಡ್ಯೂಕಪ್ಪ," ಅಂದರು ಮಾವ, ನಿಂಗಣ್ಣನ ಕಡೆ ತಿರುಗಿ. "ಮನೆತನ ಕೇಳು."

ನಿಕಂಸಾಹೇಬರು ಗೋಡೆಯಿಂದ ಒಂದು ಚೌಕಟ್ಟು ಇಳಿಸಿ ತಂದರು. ಒಳಗೆ ಡ್ಯೂಕನ ವಂಶವೃಕ್ಷ. ಇಂಗ್ಲಿಷಿನಲ್ಲಿದ್ದುದರಿಂದ ನಾನು ಓದಿದೆ, ಮಾವ ಬೆರಳು ಇಟ್ಟುಕೊಂಡು ಹೋದರು. ಅಪ್ಪ, ಅವ್ವ, ಅಪ್ಪನ ಅಪ್ಪ ಬಾರನ್, ಅಪ್ಪನ ಅವ್ವ. ಅವ್ವನ ಅಪ್ಪ... ಅಲ್ಲಿ ನಾನು ಸ್ವಲ್ಪ ವೇಗವಾಗಿ ಓದಿದೆ. ಮಾವನ ಬೆರಳು ಹಿಂದಕ್ಕೆ ಬಂತು.

"ಅಳಿಯಾರ. ಇಲ್ಲೂ ಬಾರನ್?"

"ಹೂಂನ್ರಿ."

"ಅಪ್ಪನ ಅಪ್ಪನೂ ಬಾರನ್, ಅವ್ವನ ಅಪ್ಪನೂ ಬಾರನ್. ಅದೇ ಬಾರನ್?"

ನಿಕಂಸಾಹೇಬರು ಎದೆ ಉಬ್ಬಿಸಿ, "ಅದೇ! ಒಂದೇ ರಕ್ತ! ಅದಕ್ಕೇ ಇಷ್ಟು ಕಿಮ್ಮತ್ತು!" ಅಂದರು.

ಮಾವ ಪೋಹೆಯ ತಾಟು ಕೆಳಗಿಟ್ಟರು. ನಿಂಗಣ್ಣ ಬಾಯಲ್ಲಿದ್ದುದನ್ನು ನುಂಗಲೋ ಬೇಡವೋ ಎಂದು ಅಣ್ಣನ ಮುಖ ನೋಡಿದ.

"ಒಂದೇ ಬೆಡಗಿನಾಗ ಲಗ್ನ," ಅಂದರು ಮಾವ, ಕನ್ನಡದಲ್ಲಿ, ಮೆಲ್ಲಗೆ. "ಅಣ್ಣ-ತಂಗಿಗೆ ಗಂಟು ಹಾಕ್ಯಾರ. ಏಳು ನಿಂಗಣ್ಣ. ಇಂಥ ಮನಿ ನೀರು ನಮಗ ಬ್ಯಾಡ."

ನಮ್ಮಲ್ಲಿ ಬೇಕಾದ ತಪ್ಪಿಗೆ ಮಾಫಿ ಇದೆ, ಬೆಡಗಿನ, ಅಂದರೆ ಗೋತ್ರದ, ತಪ್ಪಿಗೆ ಇಲ್ಲ. ಎಳ್ಳ ಅಮಾಸಿ ನನ್ನ ಕಣ್ಣ ಮುಂದೆ ಬಂತು. ಫ್ಯಾಕ್ಟರಿ ಗೋಡೆ ಬಂತು. ನಾನು ಗಟ್ಟಿ ಮನಸ್ಸು ಮಾಡಿ ಬಾಯಿಬಿಟ್ಟೆ.

"ದತ್ತಕ ರಿ ಮಾವಾರ."

"ಏನು?"

"ಅವ್ವ ದತ್ತಕ ಬಂದಾಕಿ. ಬಾರನ್ ಆಕೀನ ದತ್ತಕ ತಗೊಂಡಿದ್ದ. ಕಾಗದದಾಗ ದತ್ತಕ ಅಪ್ಪನ ಹೆಸರೇ ಬರೀತಾರ. ಕಾಯ್ದೆ ಅದು."

ಮಾವ ಮತ್ತೆ ಕೂತರು. "ಏನಂತಾರೆ?" ಅಂತ ನಿಕಂಸಾಹೇಬರು ನನ್ನನ್ನು ಕೇಳಿದರು. "ಬಹಳ ಹಿಡಿಸಿದೆ. ಭಾವುಕರಾಗಿದ್ದಾರೆ," ಅಂದೆ. ಮಾವ ಎದ್ದು ಹೋಗಿ, ಕಿಸೆಯಿಂದ ವಿಭೂತಿ ತೆಗೆದು ಡ್ಯೂಕಪ್ಪನ ಹಣೆಗೆ ಹಚ್ಚಿದರು. ಡ್ಯೂಕಪ್ಪ ಅಲ್ಲಾಡಲಿಲ್ಲ. ತನ್ನಿಂದ ತಾನೇ ತುಟಿ ಎತ್ತಿ ಎರಡೂ ಸಾಲು ಹಲ್ಲು ತೋರಿಸಿತು.

"ಕ್ಷಾತ್ರ!" ಅಂದರು ಮಾವ.

ನಿಕಂಸಾಹೇಬರ ಈರುಳ್ಳಿ ಟೆಂಪೋ ಮೊದಲು ನಾಶಿಕಕ್ಕೆ, ಮರುದಿನ ಸಂಭಾಜಿನಗರಕ್ಕೆ ಹೋಗುವುದಿತ್ತು. ಹಾಗಾಗಿ ಚೀಲಗಳ ಮೇಲೆ ಸಿಂಹಾಸನಾರೂಢನಾಗಿ ಡ್ಯೂಕಪ್ಪ ನಮ್ಮ ಬಿಲ್ಡಿಂಗಿಗೆ ಬಂದ. ಹಿಂದೆಯೇ ಸೊಸಾಯ್ಟಿ ಸೆಕ್ರೆಟರಿ ಖೈರನಾರ ಬಂದರು. ಸೊಸಾಯ್ಟಿಯಲ್ಲಿ ನಾಯಿ ನಡೆಯುವುದಿಲ್ಲ ಎಂದು ಹೇಳಲು ಬೆರಳು ಎತ್ತಿದರು. ಡ್ಯೂಕಪ್ಪ ನಾಲ್ಕೂ ಕಾಲು ಊರಿ, ಹಿಂದಿನ ಒಂದು ಕಾಲು ಇನ್ನಷ್ಟು ಹಿಂದಕ್ಕೆ ಚಾಚಿ, ಕತ್ತು ಎತ್ತಿ, ಖೈರನಾರರ ಬೆರಳ ಮುಂದೆ ಹಲ್ಲು ಬಿಚ್ಚಿದ. ಖೈರನಾರ ಬೆರಳನ್ನು ಜೇಬಿಗೆ ಇಟ್ಟುಕೊಂಡು, "ಇರಲಿ, ಇರಲಿ, ಪಾಹುಣಾ ಇದ್ದಾನೆ, ಮನೆಗೆ ಬಂದ ಅತಿಥಿ, ಇರಲಿ," ಎನ್ನುತ್ತ ಹಿಂದೆ ಹಿಂದೆ ಮೆಟ್ಟಿಲಿಳಿದರು.

"ನೋಡಿದ್ರಾ?" ಅಂದರು ನರಹರಿ. "ಒಂದು ಮಾತಿಲ್ಲ, ಬೊಗಳಿಲ್ಲ. ಬರೀ ಒಂದು ಲುಕ್. ಟೈಟಲ್ ಅಂದ್ರೆ ಇದು."

ಜಗದೇವಿ ಮಾತ್ರ ಒಗ್ಗರಣೆ ಸೌಟು ಹಿಡಿದು ಬಂದು, "ಏನ್ರಿ, ಸಿಟ್ಟಿಗೆದ್ದ ನಾಯಿ ಬಾಲ ಅಳ್ಳಾಡಸ್ತದೇನ್ರಿ?" ಅಂದಳು. ಹೆಂಗಸರಿಗೆ ಇವೆಲ್ಲ ತಿಳಿಯುವುದಿಲ್ಲ ಎಂದು ನಾನೂ ನರಹರಿಯವರೂ ಮುಗುಳ್ನಕ್ಕೆವು.

ಖುಲ್ತಾಬಾದಿನಿಂದ ಮೊದಮೊದಲು ಬಂದ ಸುದ್ದಿ ಬಂಗಾರದಂಥದು. ಡ್ಯೂಕಪ್ಪನನ್ನು ಕಂಡ ಮಂಗ್ಯಾಗಳು ಬೇಲಿಯ ಒಳಗೆ ಕಾಲಿಡಲಿಲ್ಲವಂತೆ. ಮಾವ ಭಾಲ್ಕಿಯ ಬೀಗರಿಗೆಲ್ಲ ಫೋನು ಹಚ್ಚಿ, ರಾಜಮನೆತನದ್ದು, ದತ್ತಕದ ಸಂತಾನ, ಅಳಿಯ ಹುಡುಕಿ ತಂದ, ಎಂದು ಹೇಳಿದರು. ಯಾರೋ ಅತ್ತಲಿಂದ, ಅವರಲ್ಲಿ ಕನ್ಯೆ ಇದ್ದಾಳೋ ಎಂದೂ ಕೇಳಿದರಂತೆ. ಅವರು ನಾಯಿಯ ಮಾತು ಎಂದು ತಿಳಿದಿರಲಿಲ್ಲ.

ಆಮೇಲೆ ಫೋನು ನಿಂತವು. ಆಮೇಲೆ ಅತ್ತೆಯದು ಬಂತು.

"ಅಳಿಯಾರ, ನಿಮ್ಮ ಡ್ಯೂಕಪ್ಪಗ ಹಲ್ಲು ನೋಯ್ತಾವೇನ್ರಿ?"

"ಯಾಕ್ರಿ ಅತ್ತೀರ?"

"ಮಂಗ್ಯಾ ಬಂದ್ರ ಫೋಟೋಕ್ಕ ನಿಂತಂಗ ನಿಂದರ್ತಾನ. ಹತ್ರ ಬಂದ್ರ ಬಾಯಿ ತೆಗೆದು ತೋರಸ್ತಾನ. ಇವತ್ತು ದೊಡ್ಡ ಗಂಡು ಮಂಗ್ಯಾ ಎದುರಿಗೇ ಕುಂತು, ಡಾಕ್ಟರ್‌ನಂಗ ಎಲ್ಲಾ ಹಲ್ಲು ನೋಡಿ, ಮ್ಯಾಲ ಹೋಗಿ ಪೇರಲ ತಿಂತು. ಅರ್ಧಾ ಕಡಿದದ್ದು ಇವನ ಮುಂದ ಒಗೀತು. ಫೀಸು ಕೊಟ್ಟಂಗ."

ನಾನು ಗಾಬರಿಯಾಗಿ ನಿಕಂಸಾಹೇಬರಿಗೆ ಫೋನು ಮಾಡಿದೆ. ಅವರಿಗೆ ಬಹಳ ಆನಂದವಾಯಿತು. "ಹಾಗಾದರೆ ಇನ್ನೂ ಮರೆತಿಲ್ಲ! ಶೋದಲ್ಲಿ ಜಡ್ಜ್ ಹತ್ತಿರ ಬಂದರೆ ಹಾಗೇ ನಿಂತು ಹಲ್ಲು ತೋರಿಸಬೇಕು. ಎಲ್ಲ ಪದಕವೂ ಅದಕ್ಕೇ ಬಂದದ್ದು!"

ಅಂದರೆ ನನ್ನ ಮಾವನ ತೋಟದಲ್ಲಿ ಡ್ಯೂಕಪ್ಪ ಪ್ರತಿ ಮಂಗ್ಯಾನಲ್ಲೂ ಒಬ್ಬ ಜಡ್ಜನನ್ನು ಕಾಣುತ್ತಿದ್ದ.

ಇನ್ನೊಬ್ಬರಾಗಿದ್ದರೆ ಕೈಬಿಡುತ್ತಿದ್ದರು. ನಾನು ಬಿಡಲಿಲ್ಲ. ಕಲಿಸಿದರೆ ಬೋಲ್ಟಿಗೂ ತಿರುಗುವುದು ಬರುತ್ತದೆ ಎಂದು ನಮ್ಮ ಫೋರ್‌ಮನ್ ಹೇಳುತ್ತಿದ್ದ. ಶನಿವಾರ ನನ್ನ ವಾರದ ರಜೆ. ಮಗಳು ವೈಷ್ಣವಿಯ ಶಾಲೆಯ ಪ್ರಾಜೆಕ್ಟಿಗೆ ಥರ್ಮೋಕೋಲ್ ಕತ್ತರಿಸಿ ಕೊಡುವ ಕೆಲಸವನ್ನೂ ಬಸ್ಸಿನಲ್ಲೇ ಮಾಡುತ್ತ ಖುಲ್ತಾಬಾದಿಗೆ ಹೋದೆ.

ಪಾಠದ ವಿಧಾನ ನಾನೇ ಯೋಚಿಸಿದ್ದೆ. ನಾನು ಬೂದುಬಣ್ಣದ ಕಂಬಳಿ ಹೊದ್ದು ಪೇರಲ ಗಿಡ ಹತ್ತುವುದು. ಮಾವ "ಹಿಡಿ!" ಅನ್ನುವುದು. ಡ್ಯೂಕಪ್ಪ ಬೊಗಳುವುದು.

"ಬಾಲ ಎಲ್ಲಿ?" ಅಂದರು ಮಾವ.

"ಯಾವ ಬಾಲ್ರಿ?"

"ಬಾಲ ಇಲ್ಲದ ಮಂಗ್ಯಾನ್ನ ನಾಯಿ ಯಾಕ ನಂಬಬೇಕು?" ಎಂದು ಬಾವಿಯ ಹಗ್ಗ ತಂದು ನನ್ನ ನಡುವಿಗೆ ಬಿಗಿದರು. ಅವರ ಕೈಗೆ ಆ ಹಗ್ಗದ ಇನ್ನೊಂದು ತುದಿಯನ್ನು ಗಿಡಕ್ಕೆ ಕಟ್ಟಿ ರೂಢಿ. ಅದನ್ನೂ ಮಾಡಿಬಿಟ್ಟರು.

"ಹಿಡಿ!" ಅಂದರು. ಡ್ಯೂಕಪ್ಪ ಕೆಳಗೆ ಬಂದು ನಿಂತ. ಕಾಲು ಚಾಚಿದ. ಕತ್ತು ಎತ್ತಿದ. ಹಲ್ಲು ತೋರಿಸಿದ. ನಾನು ಮೇಲಿಂದ "ಹೂಪ್ ಹೂಪ್" ಅಂದೆ. ಅವನು ಇನ್ನೊಂದು ಬದಿಯ ಹಲ್ಲೂ ತೋರಿಸಿದ. ಬೇಲಿಯ ಆಚೆ ಪಕ್ಕದ ತೋಟದ ರಹೀಮಚಾಚಾ ಬಂದು, ಬಹಳ ಹೊತ್ತು ನೋಡಿ, ಅಳಿಯನನ್ನು ಗಿಡಕ್ಕೆ ಯಾಕೆ ಕಟ್ಟಿದ್ದು ಎಂದು ಮಾವನನ್ನು ಕೇಳಿದರು:

"ಗುರುಲಿಂಗಪ್ಪಾ ಸೇಠ್, ಯೇ ಆಪಕೇ ದಾಮಾದ ಹೈ ನಾ? ಪೇಡ್ ಸೇ ಕ್ಯೋಂ ಬಾಂಧಾ?"

"ಟ್ರೇನಿಂಗ್ ಚಾಲೂ ಹೈ," ಅಂದರು ಮಾವ.

"ಕಿಸಕೀ?" ಯಾರಿಗೆ ಎಂದರು ಚಾಚಾ.

ಮಾವ ಉತ್ತರ ಕೊಡುವ ಮೊದಲೇ ಟೊಂಗೆ ಮುರಿಯಿತು. ಹಗ್ಗ ಗಟ್ಟಿ ಇದ್ದುದರಿಂದ ನಾನು ನೆಲಕ್ಕೆ ಬೀಳಲಿಲ್ಲ. ತೂಗಾಡುತ್ತಿದ್ದ ನನ್ನ ಮೂಗಿನ ಹತ್ತಿರ ಬಂದು ಡ್ಯೂಕಪ್ಪ ಹಲ್ಲು ತೋರಿಸಿದ.

ಮಧ್ಯಾಹ್ನ ಅತ್ತೆ ಒಂದು ದೊಡ್ಡ ಪರಾತದ ತುಂಬ ಶೇಂಗಾ, ಬೆಲ್ಲ, ಬಾಳೆಹಣ್ಣು, ರೊಟ್ಟಿ ಹಿಡಿದು ಬಂದರು. ನನಗಾಗಿಯೇ ಇರಬೇಕೆಂದು ಕೈ ತೊಳೆದೆ. ಅವರು ನನ್ನನ್ನು ದಾಟಿ ನಡುತೋಟಕ್ಕೆ ಹೋಗಿ, ಪರಾತ ಇಟ್ಟು, ಗಿಡಗಳ ಕಡೆ ಕೈ ಮುಗಿದರು. ದಬದಬನೆ ಮಂಗ್ಯಾಗಳು ಇಳಿದವು. ಅವಕ್ಕೆಲ್ಲ ಹಂಚಿ, ಪಕ್ಕದಲ್ಲಿ ನಿಂತಿದ್ದ ಡ್ಯೂಕಪ್ಪನಿಗೆ ತುಪ್ಪ ಸವರಿದ ಒಂದು ರೊಟ್ಟಿ ಹಾಕಿದರು.

"ಅತ್ತೀರ! ಏನ್ ಮಾಡ್ಲತ್ತೀರಿ?"

"ಶನಿವಾರ ಅಲ್ಲೇನ್ರಿ. ಹತ್ರದ ಗುಡ್ಯಾಗ ಭದ್ರಾ ಮಾರುತಿ ಮಲಗ್ಯಾನ. ಇವತ್ತ ಅವನ ಮಂದೀನ ಉಪವಾಸ ಇಡ್ಲಿಕ್ಕ ಆಗ್ತದೇನು?"

"ಉಳಿದ ದಿನ?"

"ಉಳಿದ ದಿನ ಕಲ್ಲು ಒಗೀತೀನಿ."

ಒಂದೇ ಬೋಲ್ಟು ಶನಿವಾರ ಪಾಸು, ಭಾನುವಾರ ರಿಜೆಕ್ಟು! ನಾನು ಕ್ವಾಲಿಟಿಯ ಮನುಷ್ಯ, ತಡೆಯಲಾಗಲಿಲ್ಲ. ಎರಡು ಮಾತು ಹೇಳಿದೆ. ಅತ್ತೆ ಒಂದೇ ಮಾತು ಹೇಳಿದರು: "ನೀವು ಬಾಲ ಬಿಚ್ಚಿ ಮಾತಾಡ್ರಿ."

ಹೀಗೇ ಶನಿವಾರಗಳು ಹೋದವು. ಮುಂಜಾನೆ ನನ್ನ ಪಾಠ, ಮಧ್ಯಾಹ್ನ ಅತ್ತೆಯ ಪರಾತ. ಒಂದು ದಿನ ಫ್ಯಾಕ್ಟರಿಗೆ ಮಾವನ ಫೋನು ಬಂತು.

"ಅಳಿಯಾರ! ಬೊಗಳಿದ! ಗಿಡದ ಕಡೆ ಮುಖ ಮಾಡಿ ಬೊಗಳಿದ!"

ನಾನು ಇಡೀ ಡಿಪಾರ್ಟ್‌ಮೆಂಟಿಗೆ ಪೇಢೆ ಹಂಚಿದೆ. ನರಹರಿಯವರಿಗೆ ಎರಡು. ಪೇಢೆ ಇನ್ನೂ ಬಾಯಲ್ಲಿರುವಾಗಲೇ ಎರಡನೆಯ ಫೋನು ಬಂತು.

"ಅಳಿಯಾರ, ಅಂವಾ ಬೊಗಳಿದ ಮ್ಯಾಲೇ ಮಂಗ್ಯಾ ಬರ್ಲತ್ತಾವ."

"ಅಂದ್ರ?"

"ಮೊದಲು ಮಂಗ್ಯಾ ಇರಲ್ಲ. ಇಂವಾ ಬೊಗಳ್ತಾನ. ಗುಡ್ಡದಿಂದ ಎಲ್ಲಾ ಓಡಿ ಬರ್ತಾವ. ಇಂವಾ ಬಾಲ ಅಳ್ಳಾಡಿಸಿ ಅಡಗಿಮನಿ ಬಾಗಲಾ ನೋಡ್ತಾನ."

ನಾನು ಪೇಢೆ ನುಂಗಿದೆ. ಎಲ್ಲ ಸ್ಪಷ್ಟವಾಯಿತು. ನಾನು ಬಾಲ ಕಟ್ಟಿಕೊಂಡು ಕಲಿಸಿದ್ದು ಒಂದೂ ಅವನ ತಲೆಗೆ ಹೋಗಿರಲಿಲ್ಲ. ಅತ್ತೆ ಕಲಿಸದೆಯೇ ಕಲಿಸಿದ್ದು ಪೂರಾ ಹೋಗಿತ್ತು. ಮಂಗ್ಯಾ ಬಂದರೆ ತುಪ್ಪದ ರೊಟ್ಟಿ ಬರುತ್ತದೆ. ರೊಟ್ಟಿ ಬೇಕಾದರೆ ಮಂಗ್ಯಾನನ್ನು ಕರೆಯಬೇಕು.

"ಅಂದ್ರೆ ಕಮ್ಯುನಿಕೇಶನ್ ಸ್ಕಿಲ್," ಅಂದರು ನರಹರಿ, ಮೆಚ್ಚುಗೆಯಿಂದ. "ಸೀನಿಯರ್ ಪೋಸ್ಟಿನವರಿಗೇ ಬರೋದು ಅದು."

ಎಳ್ಳ ಅಮಾಸಿ ಬಂದೇಬಿಟ್ಟಿತು. ನಮ್ಮ ಬೀದರ ಕಡೆಯವರಿಗೆ ಅದಕ್ಕಿಂತ ದೊಡ್ಡ ಹಬ್ಬವಿಲ್ಲ. ಹೊಲದಲ್ಲೇ ಪೂಜೆ, ಹೊಲದಲ್ಲೇ ಊಟ, ಕಂಡಕಂಡವರನ್ನೆಲ್ಲ ಕರೆದು ಉಣ್ಣಿಸುವುದು. ಭಾಲ್ಕಿಯಿಂದ ಬೀಗರು ಜೀಪು ತುಂಬ ಬಂದರು, ದತ್ತಕದ ರಾಜನನ್ನು ನೋಡಲು. ನಾನು, ಜಗದೇವಿ, ವೈಷ್ಣವಿ ಹೋದೆವು. ಭದ್ರಾ ಮಾರುತಿಯ ದರ್ಶನದ ನೆಪದಲ್ಲಿ ನರಹರಿಯವರೂ ಬಂದರು. ಗಿಡದ ಬುಡದಲ್ಲಿ ಸುಣ್ಣ ಬಳಿದ ಐದು ಕಲ್ಲು ಇಟ್ಟು ಪೂಜೆ ಮಾಡಿದ್ದರು. ಸಜ್ಜೆ ರೊಟ್ಟಿ, ಭಜ್ಜಿ, ಅಂಬಲಿಯ ಪರಿಮಳ ಗುಡ್ಡಕ್ಕೆ ಮುಟ್ಟುವಂತಿತ್ತು.

ಮಾವ ಮಾತ್ರ ಮಾತಾಡಲಿಲ್ಲ. ಚಹಾ ಕೊಟ್ಟೆ. ಸಕ್ಕರೆ ಹಾಕಿರಲಿಲ್ಲ. ಪರೀಕ್ಷೆ ಮಾಡೋಣ ಎಂದೇ ಹಾಗೆ ಕೊಟ್ಟಿದ್ದೆ. ಸುಮ್ಮನೆ ಕುಡಿದು ಕಪ್ಪು ಇಟ್ಟರು.

"ಸಂಜಿಗೆ ತೋಟ ನೋಡ್ಲಿಕ್ಕ ಮಂದಿ ಬರ್ತಾರ," ಅಂತ ಅತ್ತೆ ನನಗೆ ಮೆಲ್ಲಗೆ ಹೇಳಿದರು. ಅತ್ತೆ ಮೆಲ್ಲಗೆ ಮಾತಾಡಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು.

ಊಟಕ್ಕೆ ಮುಂಚೆ ಚರಗ ಚೆಲ್ಲಬೇಕು. ಮಾಡಿದ ಅಡಿಗೆಯನ್ನೆಲ್ಲ ಗಡಿಗೆಯಲ್ಲಿ ಕಲಸಿ, ಯಜಮಾನ ಹೊಲದ ಸುತ್ತ ನಡೆಯುತ್ತ ಭೂಮಿತಾಯಿಗೆ ಹಿಡಿಹಿಡಿ ಚೆಲ್ಲುವುದು. ಮಾವ ತಲೆಗೆ ಕಂಬಳಿ ಹಾಕಿ, ಬಾತ ಮೊಣಕಾಲಿನಲ್ಲೇ ಕುಂಟುತ್ತ ಹೊರಟರು.

ಡ್ಯೂಕಪ್ಪ ಎದ್ದ.

ಅವನಿಗೆ ಏನನಿಸಿತೋ ನನಗೆ ಗೊತ್ತಾಯಿತು. ಸುತ್ತ ಜನ ಕೂತಿದ್ದಾರೆ. ನಡುವೆ ಒಬ್ಬ ಮನುಷ್ಯ ಗೋಲಾಗಿ ನಡೆಯುತ್ತಿದ್ದಾನೆ. ಶೋ! ಮಾವನ ಎಡಗಡೆ ಬಂದು, ಎದೆ ಮುಂದೆ ಮಾಡಿ, ಕಾಲು ಎಣಿಸಿ ಇಟ್ಟಂತೆ ಇಡುತ್ತ, ಚಾಂಪಿಯನ್ನನ ನಡಿಗೆಯಲ್ಲಿ ಹೊರಟ. ಬಾಗಿದ ಕಿವಿ ಕೂಡ ನೆಟ್ಟಗಾಯಿತು. ಬೀಗರು, "ನೋಡ್ರಿ ನೋಡ್ರಿ, ಮನೆತನ ನೋಡ್ರಿ!" ಅಂದರು. ಖುಷಿ ತಡೆಯಲಾರದೆ ಡ್ಯೂಕಪ್ಪ ಒಂದು ಸಲ ಬೊಗಳಿದ.

ಗುಡ್ಡ ಅಲ್ಲಾಡಿತು. ಮಂಗ್ಯಾಗಳು ಬೇಲಿ ಹಾರಿ ಬಂದವು. ದೊಡ್ಡವು, ಸಣ್ಣವು, ಹೊಟ್ಟೆಗೆ ಮರಿ ಅವಚಿಕೊಂಡವು. ಆದರೆ ಗಿಡ ಹತ್ತಲಿಲ್ಲ. ಗಡಿಗೆ ಕಂಡವು. ಡ್ಯೂಕಪ್ಪನ ಹಿಂದೆ ಒಂದರ ಹಿಂದೊಂದು ಸಾಲು ಹಿಡಿದವು. ಮುಂದೆ ಮಾವ, ಪಕ್ಕದಲ್ಲಿ ಡ್ಯೂಕಪ್ಪ, ಹಿಂದೆ ಇಡೀ ಗುಡ್ಡದ ಸಂತಾನ. ಭಾಲ್ಕಿಯ ಹೆಂಗಸರು ಕಿರಿಚುತ್ತ ಜೀಪು ಹತ್ತಿದರು. ನರಹರಿಯವರು ಯಾವುದಕ್ಕೂ ಇರಲಿ ಎಂದು ಶಿಸ್ತಾಗಿ ಎದ್ದು ನಿಂತರು. ಒಂದು ಮರಿ ಮಂಗ್ಯಾ ಅವರ ಕನ್ನಡಕ ತೆಗೆದು ನೋಡಿ ವಾಪಸು ಕೊಟ್ಟಿತು.

ನಾನು ನೋಡಿದೆ. ಗಿಡಗಳ ಮೇಲೆ ಒಂದೂ ಮಂಗ್ಯಾ ಇರಲಿಲ್ಲ.

ಓಡಿಹೋಗಿ ಮಾವನ ಕೈಯಿಂದ ಗಡಿಗೆ ಕಸಿದುಕೊಂಡೆ.

"ಏ ಬಸವಕುಮಾರಾ!" ಅಂದರು ಮಾವ. ಹದಿಮೂರು ವರ್ಷದಲ್ಲಿ ಏಕವಚನದಲ್ಲಿ ಕರೆದದ್ದು ಅದೇ ಮೊದಲು. ನಾನು ನಿಲ್ಲಲಿಲ್ಲ. ಗಡಿಗೆ ಹೊತ್ತು, ಒಂದೊಂದು ಹಿಡಿ ಚೆಲ್ಲುತ್ತ, ನೆಟ್ಟಗೆ ಗೇಟು ದಾಟಿದೆ. ಡ್ಯೂಕಪ್ಪ ನನ್ನ ಎಡಗಡೆ ಬಂದ. ಸಾಲು ನನ್ನ ಹಿಂದೆ ತಿರುಗಿತು.

"ಚರಗ ಸೀಮಿ ದಾಟಿ ಚೆಲ್ಲಬಾರದೋ!" ಎಂದು ಹಿಂದಿನಿಂದ ಮಾವ ಕೂಗಿದರು. ಬಾರದು, ನನಗೂ ಗೊತ್ತು. ಚೆಲ್ಲಿದೆ. ರಹೀಮಚಾಚಾನ ಬೇಲಿ ದಾಟಿದೆ. ನಾಲೆ ದಾಟಿದೆ. ಮಾರುತಿಯ ಗುಡಿಗೆ ಹೋಗುವ ರಸ್ತೆಯ ತಿರುವಿನಲ್ಲಿ ಒಂದು ಹಳೆಯ ಹುಣಸೆಮರವಿದೆ. ಅದರ ಬುಡದಲ್ಲಿ ಗಡಿಗೆಯನ್ನು ಬೋರಲು ಹಾಕಿ ಕೂತುಬಿಟ್ಟೆ. ಮಂಗ್ಯಾಗಳು ಊಟಕ್ಕೆ ಕೂತವು. ಡ್ಯೂಕಪ್ಪ ರಸ್ತೆಯ ಕಡೆ ಮುಖ ಮಾಡಿ, ಕಾಲು ಚಾಚಿ, ಕತ್ತು ಎತ್ತಿ ನಿಂತ.

ಒಂದು ಕಾರು ನಿಂತಿತು. ಮಾರುತಿಯ ಭಕ್ತರು. "ಅರೆ, ಬಘಾ ಬಘಾ, ವಾನರಸೇನಾ!" ಎಂದು ಇಳಿದು, ಡ್ಯೂಕಪ್ಪನ ಪಕ್ಕ ನಿಂತು ಸೆಲ್ಫಿ ತೆಗೆದುಕೊಂಡರು. ಡ್ಯೂಕಪ್ಪ ಹಲ್ಲು ತೋರಿಸಿದ. ಫೋಟೋದಲ್ಲಿ ನಕ್ಕಂತೆ ಬಂತು. ಅವರು ಗುಡಿಗೆ ಒಯ್ಯುತ್ತಿದ್ದ ಬಾಳೆಹಣ್ಣಿನ ಗೊನೆಯನ್ನೇ ಮಂಗ್ಯಾಗಳಿಗೆ ಕೊಟ್ಟರು. ಹಿಂದೆ ಇನ್ನೊಂದು ಕಾರು. ಅದರ ಹಿಂದೆ ಒಂದು ಬಸ್ಸು. ಸಂಜೆಯ ಹೊತ್ತಿಗೆ ತೋಟ ನೋಡಲು ಬಂದವರ ಜೀಪು ಆ ಗದ್ದಲದಲ್ಲಿ ಸಿಕ್ಕಿಕೊಂಡು, ಅವರೂ ಸೆಲ್ಫಿ ತೆಗೆದುಕೊಂಡು, ಕತ್ತಲಾಯಿತು ಎಂದು ಹಾಗೇ ವಾಪಸು ಹೋದರು.

ನಾನು ಖಾಲಿ ಗಡಿಗೆ ಹಿಡಿದು ತೋಟಕ್ಕೆ ಬಂದೆ. ಅತ್ತೆ ಒಂದು ಗಿಡದ ಕೆಳಗೆ ನಿಂತು ಕಾಯಿಗಳನ್ನು ನೋಡುತ್ತಿದ್ದರು.

"ಪೇರಲ ಇಳಸೋ ತನಕ ನೋಡೂಣು," ಅಂದರು.

ಮಾವ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಮುಂಜಾನಿ ನನಗ ಎಂಥಾ ಚಹಾ ಕೊಟ್ಟಿದ್ರಿ?" ಅಂದರು. "ಅದಕ್ಕ ಸಕ್ಕರಿ ಅನ್ನೋದು ಹಾಕಿದ್ರೋ ಇಲ್ಲೋ? ನಿಮ್ಮ ಫ್ಯಾಕ್ಟರಿದಾಗ ಹಿಂಗೇ ಕ್ವಾಲಿಟಿ ನೋಡ್ತೀರೇನು?"

ಅತ್ತೆ ಸೆರಗಿನಿಂದ ಕಣ್ಣೊರೆಸಿಕೊಂಡು ದೇವರಿಗೆ ಕಾಯಿ ಒಡೆಯಲು ಹೋದರು.

ಅಂದಿನಿಂದ ಮಾವ ದಿನಾ ಮುಂಜಾನೆ ಒಂದು ಗಡಿಗೆ ಹಿಡಿದು ಡ್ಯೂಕಪ್ಪನ ಜೊತೆ ಹುಣಸೆಮರದ ತನಕ ನಡೆಯುತ್ತಾರೆ. ಉಳಿದದ್ದನ್ನು ಮಾರುತಿಯ ಭಕ್ತರು ನೋಡಿಕೊಳ್ಳುತ್ತಾರೆ. ಮಂಗ್ಯಾಗಳಿಗೆ ಪೇರಲ ಈಗ ಸಪ್ಪೆ. ವೈಷ್ಣವಿ ಆ ಜಾಗಕ್ಕೆ ತನ್ನ ಅಜ್ಜನ ಲೆಕ್ಕದಲ್ಲಿ 'ಮುತ್ಯಾ ಪಾಯಿಂಟ್' ಎಂದು ಹೆಸರಿಟ್ಟು ಫೋನಿನ ನಕಾಶೆಯಲ್ಲೂ ಸೇರಿಸಿದ್ದಾಳೆ.

ಕಳೆದ ವಾರ ನಿಂಗಣ್ಣ ಬಸ್ಸಿನಲ್ಲಿ ಒಂದು ಬುಟ್ಟಿ ಪೇರಲ ತಂದುಕೊಟ್ಟ. ಬಿಲ್ಡಿಂಗಿಗೆಲ್ಲ ಹಂಚಿದೆವು. ಖೈರನಾರ ಎರಡು ತಿಂದು ಪಾಹುಣಾ ಹೇಗಿದ್ದಾನೆ ಎಂದು ಕೇಳಿದರು. ನರಹರಿಯವರು, "ನಾನು ಹೇಳಲಿಲ್ವಾ? ಟೈಟಲ್ ಇಲ್ಲದ ನಾಯಿ ಜೊತೆ ಯಾರು ಸೆಲ್ಫಿ ತೆಗೀತಾರೆ?" ಅಂದರು. ಫೋನಿನಲ್ಲಿ ಅದನ್ನು ಕೇಳಿಸಿಕೊಂಡ ಮಾವ, "ಟೈಟಲ್ ಅಲ್ಲ, ಮನೆತನ! ಬಂದ ಮಂದಿಗೆ ಉಣಸೋದು ರಕ್ತದಾಗ ಇರಬೇಕು. ದತ್ತಕ ಇದ್ರೇನಾತು?" ಅಂದರು. ಅವರ ಹಿಂದಿನಿಂದ ಅತ್ತೆ, "ರಕ್ತಾನೂ ಅಲ್ಲ, ಪದಕಾನೂ ಅಲ್ಲ. ನನ್ನ ತುಪ್ಪದ ರೊಟ್ಟಿ!" ಅಂದರು. ನನ್ನ ಬಾಲದ ಮಾತನ್ನು ಯಾರೂ ಎತ್ತಲಿಲ್ಲ. ಟೊಂಗೆ ಮುರಿದ ಮಾತನ್ನು ಮಾತ್ರ ಮಾವ ಎತ್ತಿದರು.

ಮಂಗ್ಯಾನ ಓಡಿಸುವ ನಾಯಿ ತಂದು ಕೊಡುತ್ತೇನೆ ಎಂದು ನಾನು ಭಾಲ್ಕಿಯಲ್ಲಿ ಮಾತು ಕೊಟ್ಟಿದ್ದೆ. ಡ್ಯೂಕಪ್ಪ ಈ ತನಕ ಒಂದು ಮಂಗ್ಯಾನನ್ನೂ ಓಡಿಸಿಲ್ಲ. ಕೊಟ್ಟ ಮಾತು ಉಳಿಯಲಿಲ್ಲ.